ಹಳೇ ಗಿಟಾರ್ ಆಂಪ್‌ಗೆ ಹೊಸ ವಾಲ್ವ್: ಬ್ರ್ಯಾಂಡ್ ಆಮೇಲೆ, ಮೊದಲು ಜಾಗ ನೋಡಿ

ಅಜ್ಜನ ಕಾಲದ ವಾಲ್ವ್ ರೇಡಿಯೊ ಬಗ್ಗೆ ಮನೆಯಲ್ಲಿ ಕೇಳಿರ್ತೀರಿ. ಸ್ವಿಚ್ ಹಾಕಿದ ತಕ್ಷಣ ಅದು ಮಾತಾಡ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ಬಿಸಿಯಾಗಿ, ಕೆಂಪಗೆ ಮಿನುಗಿ, ಆಮೇಲೆ ನಿಧಾನಕ್ಕೆ ದನಿ ಬರ್ತಿತ್ತು. ಆ ಬುರುಡೆಗಳೇ ವಾಲ್ವ್, ಅಮೆರಿಕದವರ ಮಾತಿನಲ್ಲಿ ಟ್ಯೂಬ್. 1947ರಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೊ, ಟಿವಿ, ಕಂಪ್ಯೂಟರ್ ಎಲ್ಲದರಿಂದಲೂ ಅವು ಒಂದೊಂದಾಗಿ ಮಾಯವಾದವು. ಆದ್ರೆ ಎಲೆಕ್ಟ್ರಿಕ್ ಗಿಟಾರ್ ನುಡಿಸೋರು ಮಾತ್ರ ಇವತ್ತಿಗೂ ವಾಲ್ವ್ ಬಿಟ್ಟಿಲ್ಲ. ಜೋರಾಗಿ ನುಡಿಸಿದಾಗ ವಾಲ್ವ್ ಆಂಪ್‌ನ ದನಿ ಒಮ್ಮೆಲೇ ಒಡೆಯೋದಿಲ್ಲ, ಸ್ವಲ್ಪ ಸ್ವಲ್ಪವಾಗಿ ಒರಟಾಗುತ್ತೆ. ಅವರಿಗೆ ಬೇಕಾಗಿರೋದು ಆ ಒರಟುತನವೇ.

ಸರಿ, ನಿಮ್ಮ ಕೈಗೆ ಒಂದು ಹಳೇ ಆಂಪ್ ಬಂತು ಅಂದ್ಕೊಳ್ಳಿ. ವಾಲ್ವ್ ಹೋಗಿದೆ. ಬದಲಿ ಯಾವುದು ಹಾಕೋದು? ಆನ್‌ಲೈನ್‌ನಲ್ಲಿ ಹುಡುಕಿದ್ರೆ ಹತ್ತಾರು ಹೆಸರು, ಹತ್ತು ಪಟ್ಟು ವ್ಯತ್ಯಾಸ ಇರೋ ಬೆಲೆ. ತಪ್ಪು ಆಯ್ಕೆ ಮಾಡಿದ್ರೆ ಹೋಗೋದು ವಾಲ್ವ್ ಒಂದೇ ಅಲ್ಲ. ಅರವತ್ತು ವರ್ಷ ಹಳೆಯ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು, ಅದೇ ಟ್ರಾನ್ಸ್‌ಫಾರ್ಮರ್ ಮತ್ತೆ ಸಿಗೋದು ಕಷ್ಟ. ಅದಕ್ಕೇ ಇವತ್ತಿನ ಎಪಿಸೋಡ್‌ನ ಸಾರ ಮೊದಲೇ ಹೇಳಿಬಿಡ್ತೀನಿ: ಬ್ರ್ಯಾಂಡ್ ಹೆಸರು ಕೊನೆಗೆ ನೋಡಿ. ಆ ವಾಲ್ವ್ ಆಂಪ್‌ನಲ್ಲಿ ಯಾವ ಜಾಗದಲ್ಲಿ ಕೂರುತ್ತೆ, ಅಲ್ಲಿ ಏನು ಕೆಲಸ ಮಾಡುತ್ತೆ ಅನ್ನೋದನ್ನ ಮೊದಲು ನೋಡಿ.

ಉದಾಹರಣೆಗೆ ಒಂದೇ ಆಂಪ್ ತಗೊಳ್ಳೋಣ, ಫೆಂಡರ್ ಡಿಲಕ್ಸ್ ರಿವರ್ಬ್. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ 1963ರಿಂದ 1967ರವರೆಗೆ ಕಪ್ಪು ಪ್ಯಾನೆಲ್‌ನ ಜೊತೆ ತಯಾರಾದ ಮಾದರಿ. ಸುಮಾರು 22 ವಾಟ್, 12 ಇಂಚಿನ ಒಂದು ಸ್ಪೀಕರ್.

ಒಳಗೆ ಯಾರ್ಯಾರಿದ್ದಾರೆ?

ವಾಲ್ವ್ ಕೆಲಸ ಮಾಡೋ ರೀತಿ ಸರಳ. ಹೀಟರ್ ಬಿಸಿಯಾಗಿ ಕ್ಯಾಥೋಡ್‌ನ ಕಾಯಿಸುತ್ತೆ, ಅಲ್ಲಿಂದ ಎಲೆಕ್ಟ್ರಾನ್‌ಗಳು ಎದುರಿಗಿರೋ ಪ್ಲೇಟ್ ಕಡೆ ಹಾರುತ್ವೆ. ಮಧ್ಯೆ ಗ್ರಿಡ್ ಅಂತ ಒಂದು ತಂತಿಯ ಜಾಲರಿ. ಕೆರೆಯ ತೂಬನ್ನ ಸ್ವಲ್ಪ ಎತ್ತಿದ್ರೆ ಎಷ್ಟೊಂದು ನೀರು ಹರಿಯುತ್ತಲ್ಲ, ಹಾಗೇ ಗ್ರಿಡ್‌ನಲ್ಲಿ ಗಿಟಾರ್‌ನ ಪುಟ್ಟ ಸಿಗ್ನಲ್ ಅಲುಗಾಡಿದ್ರೆ ಪ್ಲೇಟ್‌ನಲ್ಲಿ ದೊಡ್ಡ ಸಿಗ್ನಲ್ ಸಿಗುತ್ತೆ.

ಡಿಲಕ್ಸ್ ರಿವರ್ಬ್‌ನಲ್ಲಿ ಇಂಥವು ಒಟ್ಟು ಒಂಬತ್ತು. ಹಿಂದಿನಿಂದ ನೋಡಿದ್ರೆ ಬಲತುದಿಯಿಂದ ಎಣಿಸಬೇಕು. ಮೊದಲ ಆರು ಸಣ್ಣವು. ಒಂದನೇದು ನಾರ್ಮಲ್ ಚಾನೆಲ್‌ಗೆ, ಎರಡನೇದು ವೈಬ್ರಾಟೊ ಚಾನೆಲ್‌ಗೆ, ಮೂರನೇದು ರಿವರ್ಬ್ ಸ್ಪ್ರಿಂಗ್‌ಗಳನ್ನ ಓಡಿಸೋಕೆ, ನಾಲ್ಕನೇದು ಅಲ್ಲಿಂದ ಬಂದ ದನಿಯನ್ನ ಎತ್ತೋಕೆ, ಐದನೇದು ವೈಬ್ರಾಟೊ ಎಫೆಕ್ಟ್‌ಗೆ, ಆರನೇದು ಸಿಗ್ನಲ್‌ನ ಎರಡು ಪಾಲು ಮಾಡೋಕೆ. ಇವುಗಳಲ್ಲಿ ಮೂರು ಮತ್ತು ಆರನೇದು 12ಎಟಿ7, ಉಳಿದ ನಾಲ್ಕು 12ಎಎಕ್ಸ್7. ಆಮೇಲೆ ಸ್ಪೀಕರ್‌ಗೆ ಶಕ್ತಿ ಕೊಡೋ ಎರಡು 6ವಿ6. ಕೊನೆಗೆ ಎಸಿಯನ್ನ ಡಿಸಿ ಮಾಡೋ ರೆಕ್ಟಿಫೈಯರ್, ಜಿಝೆಡ್34.

ಒಂದೇ ವಾಲ್ವ್‌ಗೆ ಎರಡು ಮೂರು ಹೆಸರು ಇರುತ್ತೆ, ಗಾಬರಿ ಬೇಡ. ಅಮೆರಿಕದ 12ಎಎಕ್ಸ್7 ಅಂದ್ರೆ ಯುರೋಪಿನ ಇಸಿಸಿ83. 12ಎಟಿ7 ಅಂದ್ರೆ ಇಸಿಸಿ81. ಜಿಝೆಡ್34 ಅಂದ್ರೆ 5ಎಆರ್4. ಫೆಂಡರ್ ಚಾರ್ಟ್‌ನಲ್ಲಿ 7025 ಅಂತ ಕಂಡರೆ ಅದು ಕಡಿಮೆ ಗುಂಯ್‌ಗುಡೋ 12ಎಎಕ್ಸ್7. ಈ ಚಾರ್ಟ್‌ನ ಆಂಪ್ ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿರ್ತಾರೆ. ಖರೀದಿಗೆ ಮುಂಚೆ ಅದರದ್ದೊಂದು ಫೋಟೊ ತೆಗೆದಿಟ್ಟುಕೊಳ್ಳಿ.

ಹೋಗಿರೋದು ಯಾವುದು?

ದನಿ ಕೆಟ್ಟಿದೆ ಅಂದ ತಕ್ಷಣ ಒಂಬತ್ತನ್ನೂ ಆರ್ಡರ್ ಮಾಡಬೇಡಿ. ಸಣ್ಣ ವಾಲ್ವ್‌ಗಳು ಎಷ್ಟೋ ವರ್ಷ ಬಾಳುತ್ವೆ. ಮೊದಲಿನಿಂದ ಇರೋ ಹಳೇ ವಾಲ್ವ್, ನೀವು ಕೊಳ್ಳೋ ಹೊಸದಕ್ಕಿಂತ ಚೆನ್ನಾಗಿರಲೂಬಹುದು.

ಗಾಜಿನ ಒಳಮೈಯಲ್ಲಿ ಬೆಳ್ಳಿಯ ಥರ ಒಂದು ಮಚ್ಚೆ ಇರುತ್ತೆ. ಅದು ಹಾಲಿನ ಬಿಳಿಗೆ ತಿರುಗಿದ್ರೆ ಒಳಗೆ ಗಾಳಿ ಹೋಗಿದೆ, ವಾಲ್ವ್ ಸತ್ತಿದೆ ಅಂತ ಅರ್ಥ. ಆಂಪ್ ಆನ್ ಇದ್ದಾಗ ಸಣ್ಣ ವಾಲ್ವ್‌ನ ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಗಂಟೆ ಬಾರಿಸಿದ ಹಾಗೆ ಕೇಳಿದ್ರೆ ಅದು ಅಲುಗಾಟವನ್ನೇ ಸಿಗ್ನಲ್ ಮಾಡ್ತಿದೆ. ಆ ವಾಲ್ವ್ ಬದಲಿಸಬೇಕು.

ಈ ಆಂಪ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಹೆಚ್ಚಿನವರು ರಿವರ್ಬ್ ಇರೋ ವೈಬ್ರಾಟೊ ಚಾನೆಲ್ ಮಾತ್ರ ಬಳಸ್ತಾರೆ. ಅಂದ್ರೆ ಒಂದನೇ ಜಾಗದ 12ಎಎಕ್ಸ್7 ಸುಮ್ಮನೆ ಕೂತಿರುತ್ತೆ. ಆಂಪ್ ಆಫ್ ಮಾಡಿ, ತಣ್ಣಗಾದ ಮೇಲೆ ಅದನ್ನ ಅನುಮಾನ ಇರೋ ಎರಡು, ನಾಲ್ಕು ಅಥವಾ ಐದನೇ ಜಾಗಕ್ಕೆ ಹಾಕಿ ನೋಡಿ. ತೊಂದರೆ ಹೋಯ್ತಾ? ಒಂದೇ ವಾಲ್ವ್ ಕೊಂಡ್ರೆ ಸಾಕು. ರಿವರ್ಬ್ ಮಾತ್ರ ಸತ್ತಿದ್ರೆ ಮೂರು ಮತ್ತು ನಾಲ್ಕನೇದನ್ನ ಮೊದಲು ನೋಡಿ.

ಇನ್ನು ದೊಡ್ಡ 6ವಿ6. ಗಾಜಿನ ಒಳಗೆ ತಿಳಿನೀಲಿ ಬೆಳಕು ಕಂಡರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಆದ್ರೆ ಬೂದು ಬಣ್ಣದ ಪ್ಲೇಟ್ ಕಾದ ಕಬ್ಬಿಣದ ಹಾಗೆ ಕೆಂಪಾದ್ರೆ ತಕ್ಷಣ ಆಫ್ ಮಾಡಿ. ಹೊಸ ಜೋಡಿ ಹಾಕಿದ ಮೇಲೂ ಕೆಂಪಾದ್ರೆ ತೊಂದರೆ ವಾಲ್ವ್‌ನದ್ದಲ್ಲ, ಸರ್ಕ್ಯೂಟ್‌ದು. ಯಾವಾಗಲೂ ಒಂದೇ ಸಮ ಹಮ್ ಬರ್ತಿದ್ರೂ ಹಾಗೇ. ಹಳೇ ಫಿಲ್ಟರ್ ಕೆಪಾಸಿಟರ್‌ಗಳು ಒಣಗಿರೋ ಸಾಧ್ಯತೆ ಹೆಚ್ಚು. ವಾಲ್ವ್‌ಗೆ ದುಡ್ಡು ಸುರಿದ್ರೆ ಅದು ಹೋಗಲ್ಲ.

6ವಿ6: ಇಲ್ಲಿ ಜಿಪುಣತನ ಬೇಡ

6ವಿ6 ಬಂದಿದ್ದು 1936ರಲ್ಲಿ. ಹಳೆಯ ಡೇಟಾ ಶೀಟ್ ಪ್ರಕಾರ ಇದರ ಪ್ಲೇಟ್‌ಗೆ ಕೊಡಬಹುದಾದ ಗರಿಷ್ಠ ವೋಲ್ಟೇಜ್ 315. ಡಿಲಕ್ಸ್ ರಿವರ್ಬ್‌ನ ಸರ್ಕ್ಯೂಟ್ ನಕ್ಷೆಯಲ್ಲಿ ಬರೆದಿರೋದು 415 ವೋಲ್ಟ್! ಬರೋಬ್ಬರಿ 100 ವೋಲ್ಟ್ ಜಾಸ್ತಿ. ಆಗಿನ ಅಮೆರಿಕದ ವಾಲ್ವ್‌ಗಳು ಗಟ್ಟಿಮುಟ್ಟು, ತಡ್ಕೊಂಡವು. ಇವತ್ತಿನ ಎಲ್ಲ 6ವಿ6ಗಳೂ ತಡ್ಕೊಳ್ಳುತ್ವೆ ಅಂತ ಹೇಳೋಕಾಗಲ್ಲ. ಹಾಗಾಗಿ ಮಾರೋರನ್ನ ಕೇಳಬೇಕಾದ ಮೊದಲ ಪ್ರಶ್ನೆ "ದನಿ ಹೇಗಿರುತ್ತೆ" ಅಂತಲ್ಲ, "415 ವೋಲ್ಟ್ ತಡೆಯುತ್ತಾ" ಅಂತ. ಸ್ಲೊವಾಕಿಯಾದ ಜೆಜೆ ಕಂಪನಿಯ 6ವಿ6ಎಸ್‌ಗೆ ಈ ವಿಷಯದಲ್ಲಿ ಒಳ್ಳೇ ಹೆಸರಿದೆ.

ಎರಡನೇ ಮಾತು: ಜೋಡಿಯಾಗಿ ಕೊಳ್ಳಿ. ಇವೆರಡೂ ಗಾಡಿಗೆ ಕಟ್ಟಿದ ಎತ್ತುಗಳ ಹಾಗೆ. ಒಂದು ಜಾಸ್ತಿ ಎಳೆದು ಇನ್ನೊಂದು ಕಡಿಮೆ ಎಳೆದ್ರೆ ಹಮ್ ಹೆಚ್ಚುತ್ತೆ, ಒಂದು ಬೇಗ ಸವೆಯುತ್ತೆ. ಅಳತೆ ಮಾಡಿ ಹೊಂದಿಸಿದ ಜೋಡಿಯನ್ನ ಮ್ಯಾಚ್ಡ್ ಪೇರ್ ಅಂತ ಮಾರ್ತಾರೆ.

ಮೂರನೇದು ಬಯಾಸ್. ಬೈಕ್ ನಿಂತಿದ್ದಾಗ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಓಡ್ತಾ ಇರುತ್ತಲ್ಲ, ಆ ಐಡ್ಲಿಂಗ್ ಇದ್ದ ಹಾಗೆ. ನೀವು ನುಡಿಸದೇ ಇದ್ದಾಗಲೂ 6ವಿ6 ಒಳಗೆ ಸ್ವಲ್ಪ ಕರೆಂಟ್ ಹರೀತಿರುತ್ತೆ. ಲೆಕ್ಕ ಹೀಗೆ: ಡೇಟಾ ಶೀಟ್ ಪ್ರಕಾರ ಪ್ಲೇಟ್ ತಡೆಯೋ ಶಾಖ 12 ವಾಟ್. ಅದರ 70 ಪರ್ಸೆಂಟ್ ಮೀರಬಾರದು ಅನ್ನೋದು ಮೆಕ್ಯಾನಿಕ್‌ಗಳ ರೂಢಿ, ಅಂದ್ರೆ 8.4 ವಾಟ್. ಅದನ್ನ 415ರಿಂದ ಭಾಗಿಸಿದ್ರೆ ಒಂದು ವಾಲ್ವ್‌ಗೆ ಸುಮಾರು 20 ಮಿಲಿಆಂಪ್. ಹೊಸ ಜೋಡಿ ಹಾಕಿದಾಗೆಲ್ಲ ಇದನ್ನ ಅಳೆದು ಹೊಂದಿಸಬೇಕು, ಅದಕ್ಕೆ ಆಂಪ್ ಒಳಗೆ ತಿರುಗಿಸೋ ಒಂದು ಪಾಟ್ ಇದೆ. ಖರೀದಿಯ ಬಜೆಟ್‌ನಲ್ಲೇ ಈ ಕೆಲಸದ ಕೂಲಿಯನ್ನೂ ಸೇರಿಸಿಕೊಳ್ಳಿ.

ಸಾಕೆಟ್‌ನಲ್ಲಿ ಕೂತರೆ ಸಾಲದು

6ವಿ6 ಕೂರೋ ಎಂಟು ಪಿನ್ ಸಾಕೆಟ್‌ನಲ್ಲಿ 6ಎಲ್6 ಕೂಡ ಸಲೀಸಾಗಿ ಕೂರುತ್ತೆ. "ದೊಡ್ಡ ವಾಲ್ವ್, ಜಾಸ್ತಿ ಪವರ್" ಅಂತ ಹಾಕೋರಿದ್ದಾರೆ. ಆದ್ರೆ 6ವಿ6ನ ಹೀಟರ್ ಎಳೆಯೋದು 0.45 ಆಂಪಿಯರ್, 6ಎಲ್6ಜಿಸಿ ಎಳೆಯೋದು 0.9, ಸರಿಯಾಗಿ ಎರಡು ಪಟ್ಟು. ಇಎಲ್34 ಆದ್ರೆ 1.5. ಆ ಭಾರ ಎಲ್ಲ ಬೀಳೋದು ಹಳೇ ಪವರ್ ಟ್ರಾನ್ಸ್‌ಫಾರ್ಮರ್ ಮೇಲೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ 6ವಿ6ಗೆ ಅಂತಲೇ ಸುತ್ತಿದ್ದು. ಡಿಲಕ್ಸ್ ರಿವರ್ಬ್‌ಗೆ ಇವೆರಡೂ ಬೇಡ.

ರೆಕ್ಟಿಫೈಯರ್‌ನಲ್ಲೂ ಇದೇ ಎಚ್ಚರ. ಜಿಝೆಡ್34 ಹೀಟರ್‌ಗೆ 1.9 ಆಂಪಿಯರ್ ಸಾಕು, ಅದೇ ಸಾಕೆಟ್‌ನಲ್ಲಿ ಕೂರೋ 5ಯು4ಗೆ 3 ಬೇಕು. 5ವೈ3 ಹಾಕಿದ್ರೆ ಹೀಟರ್ ಭಾರ ಹೆಚ್ಚೇನೂ ಬದಲಾಗಲ್ಲ, ಆದ್ರೆ ವೋಲ್ಟೇಜ್ ಇಳಿದು ಬಯಾಸ್ ಮತ್ತೆ ಹೊಂದಿಸಬೇಕಾಗುತ್ತೆ. ಚಾರ್ಟ್‌ನಲ್ಲಿ ಏನಿದೆಯೋ ಅದನ್ನೇ ಹಾಕಿ.

ಸಣ್ಣವುಗಳಲ್ಲಿ ಆಟ ಆಡಬಹುದು

ದನಿ ಬದಲಿಸಿ ನೋಡೋ ಆಸೆ ಇದ್ರೆ ಅದಕ್ಕೆ ಸುರಕ್ಷಿತ ಜಾಗ ಎರಡನೇದು. 12ಎಎಕ್ಸ್7ನ ವರ್ಧನೆಯ ಅಂಕಿ 100. ಅಲ್ಲಿಗೆ 70 ಇರೋ 5751 ಹಾಕಿದ್ರೆ ದನಿ ತುಸು ತಡವಾಗಿ ಒಡೆಯುತ್ತೆ, ವಾಲ್ಯೂಮ್ ನಾಬ್ ಇನ್ನೊಂಚೂರು ತಿರುಗಿಸಬಹುದು. ಸುಮಾರು 44 ಇರೋ 12ಎವೈ7 ಇನ್ನೂ ಸೌಮ್ಯ. ಇದಕ್ಕೆ ಜೋಡಿ ಬೇಡ, ಬಯಾಸ್ ಬೇಡ. ಚೆನ್ನಾಗಿಲ್ಲ ಅನ್ನಿಸಿದ್ರೆ ಹಳೇದನ್ನ ವಾಪಸ್ ಹಾಕಿ.

ಮೂರನೇ ಜಾಗದಲ್ಲಿ ಮಾತ್ರ ಆಟ ಬೇಡ. ಅಲ್ಲಿನ 12ಎಟಿ7ನ ಎರಡೂ ಅರ್ಧಗಳು ಒಟ್ಟಿಗೆ ದುಡಿದು, ಡೇಟಾ ಶೀಟ್ ಮಿತಿಗಿಂತ ಹೆಚ್ಚಿನ ವೋಲ್ಟೇಜ್‌ನಲ್ಲಿ ಸ್ಪ್ರಿಂಗ್‌ಗಳನ್ನ ಓಡಿಸುತ್ವೆ. ಗಟ್ಟಿ 12ಎಟಿ7 ಒಂದೇ ಅಲ್ಲಿಗೆ ಸರಿ.

ಡಬ್ಬಿ ಮೇಲಿನ ಹೆಸರು

ಈಗ ಬ್ರ್ಯಾಂಡ್ ವಿಷಯ. ಗಿಟಾರ್ ಆಂಪ್‌ಗೆ ಹೊಸ ವಾಲ್ವ್ ಮಾಡೋ ದೊಡ್ಡ ಕಾರ್ಖಾನೆಗಳು ಇವತ್ತು ಬೆರಳೆಣಿಕೆಯಷ್ಟು: ಸ್ಲೊವಾಕಿಯಾದಲ್ಲಿ ಜೆಜೆ, ರಷ್ಯಾದ ಸರಾಟೊವ್‌ನಲ್ಲಿ ಒಂದು, ಚೀನಾದಲ್ಲಿ ಕೆಲವು. ಸರಾಟೊವ್‌ನ ಒಂದೇ ಕಾರ್ಖಾನೆಯಿಂದ ಎಲೆಕ್ಟ್ರೋ-ಹಾರ್ಮೋನಿಕ್ಸ್, ಸೊವ್‌ಟೆಕ್, ಟಂಗ್-ಸೋಲ್, ಮುಲ್ಲಾರ್ಡ್ ಅನ್ನೋ ಹೆಸರುಗಳಲ್ಲಿ ವಾಲ್ವ್ ಬರುತ್ತೆ. ಹೆಸರಾಂತ ಹಳೇ ಮುಲ್ಲಾರ್ಡ್ ತಯಾರಾಗ್ತಿದ್ದಿದ್ದು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ. ಈಗಿನದಕ್ಕೆ ಹೆಸರು ಮಾತ್ರ ಅದರದ್ದು. ಕೆಟ್ಟದ್ದು ಅಂತಲ್ಲ, ಆದ್ರೆ ಬೇರೆ ವಸ್ತು. 2022ರ ಮಾರ್ಚ್‌ನಲ್ಲಿ ರಷ್ಯಾ ರಫ್ತಿಗೆ ತಡೆ ಹಾಕಿದಾಗ ಇಷ್ಟೂ ಬ್ರ್ಯಾಂಡ್‌ಗಳು ಒಟ್ಟಿಗೇ ಸಿಕ್ಕಿಹಾಕ್ಕೊಂಡು ಬೆಲೆ ಏರಿತು. ಹತ್ತು ಹೆಸರು ಅಂದ್ರೆ ಹತ್ತು ಕಾರ್ಖಾನೆ ಅಲ್ಲ ಅಂತ ಆಗ ತುಂಬಾ ಜನರಿಗೆ ಗೊತ್ತಾಯ್ತು.

ಇನ್ನೊಂದು ದಾರಿ, ಆಗಿನ ಕಾಲದಲ್ಲೇ ತಯಾರಾಗಿ ಬಳಕೆಯಾಗದೆ ಉಳಿದ ಹಳೇ ಸ್ಟಾಕ್. ಅಮೆರಿಕದ ವಾಲ್ವ್‌ಗಳ ಮೇಲೆ ತಯಾರಕರ ಕೋಡ್ ಇರುತ್ತೆ: 274 ಅಂದ್ರೆ ಆರ್‌ಸಿಎ, 312 ಅಂದ್ರೆ ಸಿಲ್ವೇನಿಯಾ, 188 ಅಂದ್ರೆ ಜನರಲ್ ಎಲೆಕ್ಟ್ರಿಕ್. ಆದ್ರೆ ಅಚ್ಚು ಹಾಕಿದ ಅಕ್ಷರವನ್ನ ಯಾರು ಬೇಕಾದ್ರೂ ಅಳಿಸಿ ಮತ್ತೆ ಹಾಕಬಹುದು. ಟೆಸ್ಟರ್‌ನ ರೀಡಿಂಗ್ ಮತ್ತು ವಾಪಸ್ ಕೊಡೋ ಅವಕಾಶ, ಇವೆರಡೂ ಇಲ್ಲದೆ ದುಬಾರಿ ಹಳೇ ವಾಲ್ವ್ ಕೊಳ್ಳಬೇಡಿ.

ಈ ಹಳೇ ಸ್ಟಾಕ್ ಹುಡುಕುವಾಗ ನಿಮಗೆ ಬಿಇಎಲ್ ಅಂತ ಕಂಡರೆ ಆಶ್ಚರ್ಯ ಬೇಡ. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಿಂದ ರೇಡಿಯೊ ವಾಲ್ವ್‌ಗಳನ್ನ ತಯಾರಿಸ್ತಿತ್ತು. ಅದರ ಇಎಲ್84 ಈಗಲೂ ವಿದೇಶದ ಗಿಟಾರ್ ಮಂದಿಯ ಕೈಯಲ್ಲಿ ಕಾಣಿಸುತ್ತೆ. ಹಾಗಂತ ಊರಿನ ಅಭಿಮಾನಕ್ಕೆ ಅದನ್ನ ಈ ಆಂಪ್‌ಗೆ ತರಬೇಡಿ. ಅದು ವೋಕ್ಸ್ ಎಸಿ30 ಥರದ ಆಂಪ್‌ಗೆ. ಇಎಲ್84 ಒಂಬತ್ತು ಪಿನ್‌ದು, 12ಎಎಕ್ಸ್7 ಸಾಕೆಟ್‌ನಲ್ಲಿ ಕೂತುಬಿಡುತ್ತೆ, ಆದ್ರೆ ಒಳಗಿನ ಸಂಪರ್ಕಗಳೇ ಬೇರೆ.

ಕೈ ಹಾಕೋ ಮುಂಚೆ

ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 400ಕ್ಕಿಂತ ಹೆಚ್ಚು ವೋಲ್ಟ್ ಉಳಿದಿರಬಹುದು, ಅದು ಜೀವ ತೆಗೆಯುತ್ತೆ. ಹೊರಗಿನಿಂದ ವಾಲ್ವ್ ಕಿತ್ತು ಹಾಕೋದು ನಿಮ್ಮ ಕೆಲಸ. ಚಾಸಿ ಬಿಚ್ಚೋದು, ಬಯಾಸ್ ಅಳೆಯೋದು ಗೊತ್ತಿರೋ ಟೆಕ್ನಿಷಿಯನ್ ಕೆಲಸ. ಅಮೆರಿಕದ ಹಳೇ ಫೆಂಡರ್ 117 ವೋಲ್ಟ್‌ಗೆ ಮಾಡಿದ್ದು. ನಮ್ಮ 230 ವೋಲ್ಟ್ ಪ್ಲಗ್‌ಗೆ ನೇರ ಹಾಕಿದ್ರೆ ಮುಗೀತು, ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇಬೇಕು. ಎರಡೇ ಪಿನ್ ಇರೋ ಹಳೇ ಪ್ಲಗ್ ತೆಗೆಸಿ ಅರ್ತಿಂಗ್ ಇರೋ ಮೂರು ಪಿನ್‌ದು ಹಾಕಿಸಿ.

ಕೊನೆಗೆ, ದುಡ್ಡು ಖರ್ಚು ಮಾಡೋ ಕ್ರಮ ಹೀಗಿರಲಿ. ಮೊದಲು ಸುರಕ್ಷತೆ ಮತ್ತು ಕೆಪಾಸಿಟರ್. ಆಮೇಲೆ 415 ವೋಲ್ಟ್ ತಡೆಯೋ 6ವಿ6 ಜೋಡಿ, ಜೊತೆಗೆ ಬಯಾಸ್. ಆಮೇಲೆ ಕೆಟ್ಟಿರೋ ಸಣ್ಣ ವಾಲ್ವ್ ಮಾತ್ರ. ಇಷ್ಟೆಲ್ಲ ಆಗಿ ಜೇಬಿನಲ್ಲಿ ಮಿಕ್ಕಿದ್ರೆ ಹೆಸರಾಂತ ಹಳೇ ವಾಲ್ವ್ ಒಂದನ್ನ ಎರಡನೇ ಜಾಗಕ್ಕೆ ಕೊಂಡು ಖುಷಿಪಡಿ. ನಿಮ್ಮ ಹತ್ತಿರ ಹಳೇ ಆಂಪ್ ಇದ್ರೆ ಇವತ್ತೇ ಆ ಚಾರ್ಟ್‌ನ ಫೋಟೊ ತೆಗೀರಿ.