ಆಷಾಢ ಸೇಲ್ ಮತ್ತು ನಿಂತುಹೋದ ಸಂಬಳ

ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಬಟ್ಟೆ ಅಂಗಡಿಯಲ್ಲಿ ಗಿರಾಕಿಯೂ ಇಲ್ಲ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ, ಅದರ ಬೆನ್ನಿಗೇ ಗೌರಿ-ಗಣೇಶ. ಆಗ ಬರುವ ಹೊಸ ಮಾಲಿಗೆ ಜಾಗ ಬೇಕು, ಬಂಡವಾಳ ಬೇಕು, ಹಳೆಯದು ಕರಗಲೇಬೇಕು. ಬೆಂಗಳೂರಿನ ಚಿಕ್ಕಪೇಟೆಯಿಂದ ತಾಲ್ಲೂಕು ಕೇಂದ್ರದ ಶೋರೂಮಿನವರೆಗೆ ರಿಯಾಯಿತಿಯ ಬೋರ್ಡು ಏರುವುದು ಈ ಕಾರಣಕ್ಕೆ. ಅಂಗಡಿಯವರ ಲೆಕ್ಕದಲ್ಲಿ ತಪ್ಪಿಲ್ಲ. ದುಡಿಯುವವರ ಕೆಲಸ ಹೋಗಿರುವ ಮನೆ ಅದನ್ನೇ ತನ್ನ ಲೆಕ್ಕವೆಂದು ನಂಬಿದರೆ ಮಾತ್ರ ತಿಂಗಳ ಕೊನೆಗೆ ತೊಂದರೆ.

"ಅರ್ಧ ಬೆಲೆಗೆ ಬಂತು, ಸಾವಿರ ಉಳಿಯಿತು"

ಎರಡು ಸಾವಿರದ ಅಂಗಿಯನ್ನು ಸಾವಿರಕ್ಕೆ ತಂದರೆ ಮನೆಯಿಂದ ಸಾವಿರ ಹೋಯಿತು, ಅಷ್ಟೆ. ಉಳಿಯಿತು ಎನ್ನುವ ಇನ್ನೊಂದು ಸಾವಿರ ಯಾವ ಪಾಸ್‌ಬುಕ್ಕಿನಲ್ಲೂ ಕಾಣುವುದಿಲ್ಲ. ಅಷ್ಟಕ್ಕೂ ಆ ಎರಡು ಸಾವಿರವನ್ನು ಬರೆದವರು ಯಾರು? ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಾರದು ಎನ್ನುತ್ತದೆ ಕಾನೂನು. ಒಂದು ಅಂಗಿಗೆ ಎಷ್ಟು ಎಂಆರ್‌ಪಿ ಹಾಕಬಹುದು ಎಂಬುದಕ್ಕೆ ಮಿತಿ ಇಟ್ಟಿಲ್ಲ. ತಯಾರಕರು ತಾವೇ ಅಚ್ಚು ಹಾಕಿಸಿದ ಅಂಕಿಯಿಂದ ಕೆಳಗಿಳಿಯುತ್ತಾರೆ, ನಾವು ಮೆಟ್ಟಿಲು ಎಣಿಸಿ ಖುಷಿಪಡುತ್ತೇವೆ.

ಬೋರ್ಡಿನ ಗಣಿತವೂ ಸ್ವಲ್ಪ ಬೇರೆ. "ಶೇ 50 + 20" ಎಂದರೆ ಶೇ 70 ಅಲ್ಲ, ಶೇ 60. ಎರಡು ಸಾವಿರ ಮೊದಲು ಸಾವಿರವಾಗುತ್ತದೆ, ಆ ಸಾವಿರದಲ್ಲಿ ಇನ್ನೂರು ಇಳಿದು ಎಂಟುನೂರಾಗುತ್ತದೆ. ಎರಡು ಕೊಂಡರೆ ಒಂದು ಉಚಿತ ಎನ್ನುವುದು ಮೂರರಲ್ಲೊಂದು ಪಾಲಿನ ರಿಯಾಯಿತಿ, ಅದೂ ಮೂರೂ ಬೇಕಾಗಿದ್ದವರಿಗೆ. ಇನ್ನು "ಶೇ 50ರ ವರೆಗೆ" ಎಂಬ ಬೋರ್ಡಿನಲ್ಲಿ "ವರೆಗೆ" ಓದಲು ಕನ್ನಡಕ ಬೇಕು.

"ಸಂಬಳ ನಿಂತಾಗ ಬಟ್ಟೆಯ ಸುದ್ದಿಯೇ ಬೇಡ"

ಇದು ಇನ್ನೊಂದು ತುದಿಯ ತಪ್ಪು. ಅಪ್ಪನ ಕೆಲಸ ಹೋಯಿತೆಂದು ಮಗುವಿನ ಕಾಲು ಬೆಳೆಯುವುದನ್ನು ನಿಲ್ಲಿಸುವುದಿಲ್ಲ, ಯೂನಿಫಾರ್ಮು ಗಿಡ್ಡವಾಗುತ್ತದೆ. ಸಂದರ್ಶನಕ್ಕೆ ಹೋಗುವವರಿಗೆ ಕಾಲರ್ ಸವೆಯದ ಒಂದು ಅಂಗಿ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳುವುದು ಸುಲಭ. ಹಾಸಿಗೆ ಎಷ್ಟುದ್ದ ಇದೆ ಎಂದು ಅಳೆಯುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲ.

ಅಳತೆ ಹೀಗಿದೆ. ತಕ್ಷಣ ಕೈಗೆ ಸಿಗುವ ದುಡ್ಡು 1,80,000 ರೂಪಾಯಿ ಎಂದುಕೊಳ್ಳಿ. ಬಾಡಿಗೆ, ದಿನಸಿ, ಸ್ಕೂಲ್ ಫೀಸು, ಕರೆಂಟು, ಸಾಲದ ಕಂತು, ಔಷಧಿ, ಹೀಗೆ ತಪ್ಪಿಸಲಾಗದ್ದೆಲ್ಲ ಸೇರಿ ತಿಂಗಳಿಗೆ 30,000. ಮನೆ ಆರು ತಿಂಗಳು ನಡೆಯುತ್ತದೆ, ಒಂದು ದಿನಕ್ಕೆ 1,000 ರೂಪಾಯಿ ಬೇಕು. ಇನ್ನು ಅಂಗಡಿಯಲ್ಲಿ ಬೆಲೆಯನ್ನು ದಿನಗಳಲ್ಲಿ ಓದಿ. 12,000ದ ರೇಷ್ಮೆ ಸೀರೆ ಅರ್ಧ ಬೆಲೆಗೆ ಸಿಕ್ಕರೂ ಅದು ಮನೆಯ ಆರು ದಿನ. ಸಂದರ್ಶನಕ್ಕೆಂದು ಕೊಂಡ ಎಂಟುನೂರರ ಅಂಗಿ ಒಂದು ದಿನವೂ ಅಲ್ಲ. ಎರಡನೆಯದನ್ನು ಸಂಕೋಚವಿಲ್ಲದೆ ತನ್ನಿ. ರಿಯಾಯಿತಿ ಇಲ್ಲದಿದ್ದರೂ ತನ್ನಿ. ಶೇಕಡಾವಾರು ಎಂದೂ ಹೇಳದ ವಿಷಯವನ್ನು ಈ ದಿನದ ಲೆಕ್ಕ ಒಂದೇ ನೋಟಕ್ಕೆ ಹೇಳಿಬಿಡುತ್ತದೆ. ಮನೆಯವರೆಲ್ಲರಿಗೂ ಈ ಅಂಕಿ ಗೊತ್ತಿರಬೇಕು. ಮಕ್ಕಳಿಂದ ಮುಚ್ಚಿಟ್ಟು ಒಬ್ಬರೇ ಬೇಯುವ ಮನೆಗಳಲ್ಲಿ ಹಬ್ಬದ ಬಟ್ಟೆಯ ಜಗಳ ಹೆಚ್ಚು ಎಂಬುದು ನನ್ನ ಅನಿಸಿಕೆ.

"ಸೊನ್ನೆ ಬಡ್ಡಿ ಕಂತು ತಾನೆ, ಕೈಯಿಂದ ಏನೂ ಹೋಗುವುದಿಲ್ಲ"

ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿ ಇದ್ದೇ ಇರುತ್ತದೆ. ಒಂದೋ ಮಾರುವವರು ಅದನ್ನು ತುಂಬಿಕೊಡುತ್ತಾರೆ, ಇಲ್ಲವೇ ನಗದಿಗೆ ಸಿಗುತ್ತಿದ್ದ ರಿಯಾಯಿತಿ ನಿಮಗೆ ಸಿಗುವುದಿಲ್ಲ. ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ಸಾಮಾನ್ಯವಾಗಿ ನಿಮ್ಮ ಹೆಗಲಿಗೇ.

ಇದಕ್ಕಿಂತ ದೊಡ್ಡ ಹೊಂಡ ಕ್ರೆಡಿಟ್ ಕಾರ್ಡಿನ "ಕನಿಷ್ಠ ಮೊತ್ತ". ಅದಿಷ್ಟು ಕಟ್ಟಿದರೆ ತಡ ಶುಲ್ಕ ಬೀಳುವುದಿಲ್ಲ, ನಿಜ. ಉಳಿದ ಬಾಕಿಗೆ ಬಡ್ಡಿ ಓಡುತ್ತದೆ. ಅನೇಕ ಕಾರ್ಡುಗಳಲ್ಲಿ ಅದು ತಿಂಗಳಿಗೆ ಶೇ 3.5ರ ಆಸುಪಾಸು, ವರ್ಷಕ್ಕೆ ಶೇ 40 ದಾಟುತ್ತದೆ. 20,000 ಬಾಕಿ ಇದ್ದರೆ ಒಂದು ತಿಂಗಳ ಬಡ್ಡಿ 700, ಅದಕ್ಕೆ ಜಿಎಸ್‌ಟಿ 126. ತಿಂಗಳು ತಿಂಗಳೂ ಮನೆಯ ಸುಮಾರು ಒಂದು ದಿನ ಹೀಗೆ ಕರಗುತ್ತದೆ. ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ನಾಳೆ ಕಾರ್ಡಿನಲ್ಲಿ ತಂದ ಹಾಲಿಗೂ ಬಡ್ಡಿ ಶುರು.

ಇಲ್ಲೊಂದು ವಿಚಿತ್ರವಿದೆ. ಒಡವೆ ಅಡವಿಟ್ಟರೆ ಮಾನ ಹೋಗುತ್ತದೆ ಎನ್ನುವವರೇ ಕಾರ್ಡಿನ ಸಾಲವನ್ನು ತಿಂಗಳುಗಟ್ಟಲೆ ಹೊತ್ತಿರುತ್ತಾರೆ. ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಕಾರ್ಡಿನ ಬಡ್ಡಿಯ ಪಕ್ಕದಲ್ಲಿ ಏನೇನೂ ಅಲ್ಲ. ಬಳೆ ಕೈಯಲ್ಲಿಲ್ಲದ್ದು ನೆಂಟರಿಗೆ ಕಾಣುತ್ತದೆ, ಕಾರ್ಡಿನ ಬಾಕಿ ಯಾರಿಗೂ ಕಾಣುವುದಿಲ್ಲ. ವ್ಯತ್ಯಾಸ ಇಷ್ಟೇ.

"ಸೇಲ್ ಮಾಲು, ವಾಪಸ್ ಇಲ್ಲ"

ಬಣ್ಣ ಹಿಡಿಸಲಿಲ್ಲ ಎಂದರೆ ಅಂಗಡಿಯವರ ಮಾತೇ ಅಂತಿಮ. ಹೊಲಿಗೆ ಬಿಟ್ಟಿದೆ, ನೇಯ್ಗೆಯಲ್ಲಿ ತೂತಿದೆ ಎಂದರೆ ಹಾಗಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಎಸೆಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

"ಮೊದಲು ಇನ್ಶೂರೆನ್ಸ್ ನಿಲ್ಲಿಸೋಣ"

ಉಳಿತಾಯದ ಎಸ್‌ಐಪಿಯನ್ನು ಬೇಕಾದರೆ ನಿಲ್ಲಿಸಿ. ಖಾತೆಯಲ್ಲಿ ಹಣವಿಲ್ಲದೆ ಕಂತು ಬೌನ್ಸ್ ಆಗಿ ಬ್ಯಾಂಕು ಶುಲ್ಕ ಹಾಕುವ ಮೊದಲೇ ನಿಲ್ಲಿಸಿ. ಆರೋಗ್ಯ ವಿಮೆಯನ್ನು ಮಾತ್ರ ಮುಟ್ಟಬೇಡಿ. ಕಂಪನಿ ಮಾಡಿಸಿದ್ದ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ಕೆಲಸ ಬಿಡುವ ಮೊದಲೇ ಕೇಳಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿಯೂ ಇಲ್ಲ.

"ಕೆಲಸ ಹೋದವರಿಗೆ ಸರ್ಕಾರ ಏನೂ ಕೊಡುವುದಿಲ್ಲ"

ಎಲ್ಲರಿಗೂ ಕೊಡುವುದಿಲ್ಲ. ಆದರೆ ಸೇಲ್‌ನಲ್ಲಿ ರಾಶಿ ಬಿದ್ದಿರುವ ಅಂಗಿಗಳನ್ನು ಪೀಣ್ಯ, ಬೊಮ್ಮನಹಳ್ಳಿಗಳ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರಿಗೆ, ಅಂದರೆ ಸಂಬಳದಲ್ಲಿ ಇಎಸ್‌ಐ ಕಡಿತವಾಗುವವರಿಗೆ, ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದೊಂದಿದೆ. ವಂತಿಗೆಯ ಷರತ್ತು ಪೂರೈಸಿದವರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟು ಹಣ, ಹೆಚ್ಚೆಂದರೆ 90 ದಿನ, ಜೀವಮಾನದಲ್ಲಿ ಒಮ್ಮೆ. ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದಿದ್ದಾರೆ, ಹಾಗಾಗಿ ಈಗಿನ ಸ್ಥಿತಿಯನ್ನು ಇಎಸ್‌ಐ ಶಾಖಾ ಕಚೇರಿಯಲ್ಲೇ ವಿಚಾರಿಸಿ. ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟವರಿಗೆ ಇದು ಸಿಗುವುದಿಲ್ಲ. ಅದಕ್ಕೇ, ಕಾರ್ಖಾನೆಯವರೇ ಕೆಲಸದಿಂದ ತೆಗೆಯುತ್ತಿರುವಾಗ "ಒಂದು ರಾಜೀನಾಮೆ ಬರೆದುಕೊಡಿ, ಬಾಕಿ ಬೇಗ ಚುಕ್ತಾ ಮಾಡುತ್ತೇವೆ" ಎಂದರೆ, ಸಹಿ ಹಾಕುವ ಮೊದಲು ಆ ಕಾಗದವನ್ನು ಯೂನಿಯನ್ನಿನವರಿಗೋ ಇಎಸ್‌ಐ ಕಚೇರಿಯವರಿಗೋ ತೋರಿಸಿ.