ಮೈಸೂರು ಅರಸರ ಧ್ವನಿಮುದ್ರಿಕೆಗಳು: ತಟ್ಟೆ ಉಳಿದರೆ ಸಾಲದು, ದನಿಯೂ ಉಳಿಯಬೇಕು

ಬೆಂಗಳೂರು: ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ ಬಾಳಿನ ಕೊನೆಯ ದಿನಗಳಲ್ಲಿ ರಚಿಸಿದ ನಾಲ್ಕು ಗೀತೆಗಳು ಮೊದಲ ಬಾರಿಗೆ ಶ್ರೋತೃಗಳ ಕಿವಿಗೆ ಬಿದ್ದದ್ದು 1950ರ ಮೇ 22ರಂದು, ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ನಾರ್ವೆಯ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವರು ವಿಲ್ಹೆಲ್ಮ್ ಫರ್ಟ್‌ವಾಂಗ್ಲರ್. ಆ ಕಛೇರಿಗೆ 4,800 ಡಾಲರ್‌ಗಳ ಖಾತರಿ ನೀಡಿದ್ದವರು ಮೈಸೂರಿನ ಜಯಚಾಮರಾಜ ಒಡೆಯರ್. ಅವರು ಕಛೇರಿಗೆ ಹೋಗಲಾಗಲಿಲ್ಲ. ಆದ್ದರಿಂದ ಕಾರ್ಯಕ್ರಮವನ್ನು ತಟ್ಟೆಗಳ ಮೇಲೆ ಮುದ್ರಿಸಿ, ಅವರ ಖಾಸಗಿ ಸಂಗ್ರಹಕ್ಕಾಗಿ ಮೈಸೂರಿಗೆ ಕಳುಹಿಸುವ ಏರ್ಪಾಡಾಗಿತ್ತು.

ಆ ಮುದ್ರಣ ಇಂದಿಗೂ ಉಳಿದಿದೆ. ಆದರೆ ಅದು ಎಲ್‌ಪಿ ರೂಪದಲ್ಲಿ ಹೊರಬರುವ ಹೊತ್ತಿಗೆ ಮೂಲ ತಟ್ಟೆಗಳು ಬಹಳವಾಗಿ ಸವೆದಿದ್ದವು. ಕರಕರ ಸದ್ದಿನ ನಡುವೆ ಹಾಡನ್ನು ಹುಡುಕಿ ಕೇಳಬೇಕಾಗಿತ್ತು. 2007ರಲ್ಲಿ ಮತ್ತು 2014ರಲ್ಲಿ ಗಣಕಯಂತ್ರದ ನೆರವಿನಿಂದ ಶುದ್ಧೀಕರಿಸಿದ ಆವೃತ್ತಿಗಳು ಬಂದ ಮೇಲೆ ದನಿ ಒಂದಿಷ್ಟು ಸ್ಪಷ್ಟವಾಯಿತು. ತಟ್ಟೆಯಿಂದ ಸವೆದು ಹೋದದ್ದು ಮಾತ್ರ ಯಾವ ಯಂತ್ರದಿಂದಲೂ ಮರಳಿ ಬಾರದು.

ಹಳೆಯ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಗಳನ್ನು ಸಂಗ್ರಹಿಸುವವರೆಲ್ಲರೂ ಎದುರಿಸುವ ಇಕ್ಕಟ್ಟು ಇದೇ. ನುಡಿಸದಿದ್ದರೆ ತಟ್ಟೆ ಬರಿಯ ಕಪ್ಪು ಬಿಲ್ಲೆ. ನುಡಿಸಿದರೆ ಪ್ರತಿ ಬಾರಿಯೂ ಅಷ್ಟಿಷ್ಟು ಸವೆಯುತ್ತದೆ. ತಕ್ಕ ಯಂತ್ರವಿಲ್ಲದೆ ನುಡಿಸಿದರಂತೂ ಒಂದೆರಡು ಬಾರಿಗೇ ಹಾಳಾಗಬಹುದು. ಎಷ್ಟು ತಟ್ಟೆಗಳಿವೆ ಎಂಬುದರ ಜೊತೆಗೆ ಅವುಗಳನ್ನು ಯಾವುದರ ಮೇಲೆ, ಹೇಗೆ ನುಡಿಸಲಾಗುತ್ತದೆ ಎಂಬುದೂ ಸಂಗ್ರಹದ ಬೆಲೆಯನ್ನು ನಿರ್ಧರಿಸುತ್ತದೆ.

ಅರಮನೆಯ ಸಂಗ್ರಹ

1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರ್ (1919–1974) ಅವರನ್ನು ಕರ್ನಾಟಕ ಸಂಗೀತ ಬಲ್ಲವರು ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳ ಕರ್ತೃವೆಂದು ಬಲ್ಲರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿಯೂ ಅವರು ಪಳಗಿದ ಪಿಯಾನೊ ವಾದಕರಾಗಿದ್ದರು. ಲಂಡನ್‌ನ ಇಎಂಐ ಕಂಪನಿಯ ಹೆಸರಾಂತ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ 1949ರಲ್ಲಿ ಅವರ ಆಹ್ವಾನದ ಮೇರೆಗೆ ಮೈಸೂರಿಗೆ ಬಂದಿದ್ದರು. ಗಂಭೀರ ಸಂಗೀತದ ಧ್ವನಿಮುದ್ರಿಕೆಗಳಿಂದ ತುಂಬಿದ ಗ್ರಂಥಾಲಯ, ಬಗೆಬಗೆಯ ಧ್ವನಿವರ್ಧಕಗಳು ಹಾಗೂ ಹಲವು ದೊಡ್ಡ ಪಿಯಾನೊಗಳನ್ನು ಅರಮನೆಯಲ್ಲಿ ಕಂಡುದಾಗಿ ಲೆಗ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಲೆಗ್ ಸ್ಥಾಪಿಸಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದವು ಗಟ್ಟಿಯಾಗಿ ನೆಲೆಯೂರಲೆಂದು ಮಹಾರಾಜರು ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷ ನೆರವು ನೀಡಲು ಒಪ್ಪಿದರು.

ಇತರರು ಮುದ್ರಿಸಿದ್ದನ್ನು ಕೊಂಡು ತರುವುದಷ್ಟಕ್ಕೇ ಅರಸರ ಹವ್ಯಾಸ ನಿಲ್ಲಲಿಲ್ಲ. ರಷ್ಯಾದಲ್ಲಿ ಹುಟ್ಟಿ ಲಂಡನ್‌ನಲ್ಲಿ ನೆಲೆಸಿದ್ದ ರಚನಕಾರ ನಿಕೊಲಾಯ್ ಮೆಟ್ನರ್ ಆಗ ವೃದ್ಧಾಪ್ಯ ಹಾಗೂ ಅನಾರೋಗ್ಯದಿಂದ ಬಳಲುತ್ತಿದ್ದರು. ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಲೆಂದು ಮಹಾರಾಜರ ಹಣದಿಂದ ‘ಮೆಟ್ನರ್ ಸೊಸೈಟಿ’ ರೂಪುಗೊಂಡಿತು. 1947ರಲ್ಲಿ ಮೆಟ್ನರ್ ತಮ್ಮ ಮೂರೂ ಪಿಯಾನೊ ಕಾನ್ಸರ್ಟೊಗಳನ್ನು ಎಚ್‌ಎಂವಿಗಾಗಿ ನುಡಿಸಿದರು. ಮೂರನೆಯದನ್ನು ಅವರು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. 1951ರ ನವೆಂಬರ್‌ನಲ್ಲಿ ಮೆಟ್ನರ್ ತೀರಿಕೊಂಡರು. ನೆರವು ನಾಲ್ಕು ವರ್ಷ ತಡವಾಗಿದ್ದರೆ ಆ ವಾದನ ಜಗತ್ತಿಗೆ ದಕ್ಕುತ್ತಿರಲಿಲ್ಲ.

ಮೈಸೂರಿಗೂ ಧ್ವನಿಮುದ್ರಿಕೆಗೂ ಇರುವ ನಂಟು ಇನ್ನೂ ಹಿಂದಿನದು. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ದನಿ ಮುದ್ರಿಸಿಕೊಂಡ ಗೌಹರ್ ಜಾನ್, ಭಾರತದ ಮೊದಲ ಧ್ವನಿಮುದ್ರಿಕೆಗಳ ತಾರೆ. 1928ರಲ್ಲಿ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಕೊನೆಯುಸಿರೆಳೆದರು.

ಮೂರು ಬಗೆಯ ತಟ್ಟೆಗಳು

ಸಂಗ್ರಾಹಕರ ಕೈಗೆ ಸಿಗುವ ತಟ್ಟೆಗಳು ಮುಖ್ಯವಾಗಿ ಮೂರು ಬಗೆಯವು. ನೋಡಲು ಎಲ್ಲವೂ ಕಪ್ಪೇ. ಗುಣ ಮಾತ್ರ ಬೇರೆ ಬೇರೆ.

ಮೊದಲನೆಯದು ಅರಗಿನ ತಟ್ಟೆ. ಅರಗಿನ ಹುಳು ಸ್ರವಿಸುವ ಅಂಟಿಗೆ ಕಲ್ಲಿನ ಪುಡಿ ಮತ್ತು ಮಸಿ ಬೆರೆಸಿ ಇದನ್ನು ಒತ್ತಲಾಗುತ್ತಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಈ ತಟ್ಟೆ ಗಟ್ಟಿ, ಭಾರ. ಆದರೆ ಕೈಜಾರಿದರೆ ಗಾಜಿನಂತೆ ಒಡೆಯುತ್ತದೆ. 10 ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷ, 12 ಅಂಗುಲದ್ದರಲ್ಲಿ ನಾಲ್ಕು ನಿಮಿಷಕ್ಕೆ ತುಸು ಹೆಚ್ಚು ಸಂಗೀತ ಹಿಡಿಸುತ್ತಿತ್ತು. ಗಂಟೆಗಟ್ಟಲೆ ಬೆಳೆಯುವ ಖಯಾಲನ್ನು ಅಬ್ದುಲ್ ಕರೀಂ ಖಾನ್, ಮಲ್ಲಿಕಾರ್ಜುನ ಮನ್ಸೂರ್ ಅವರಂತಹವರು ಮೂರು ನಿಮಿಷಕ್ಕೆ ಇಳಿಸಿದ್ದು ಈ ಮಿತಿಯಿಂದಾಗಿಯೇ. ಸುಮಾರು 70 ನಿಮಿಷದ ಬೀಥೋವನ್‌ನ ಒಂಬತ್ತನೆಯ ಸಿಂಫನಿಯನ್ನು ಕೇಳಲು ಹಲವು ಬಾರಿ ತಟ್ಟೆ ಬದಲಿಸಬೇಕಾಗುತ್ತಿತ್ತು. ಆದರೂ ಈ ಪುಟ್ಟ ತಟ್ಟೆಗಳ ಪ್ರಭಾವ ಸಣ್ಣದಲ್ಲ. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಮುದ್ರಿಕೆ ಬಾಲಕ ಭೀಮಸೇನ ಜೋಶಿಯವರನ್ನು ಸಂಗೀತದತ್ತ ಸೆಳೆಯಿತು. 1933ರಲ್ಲಿ ಅವರು ಗುರುವನ್ನು ಅರಸಿ ಮನೆ ಬಿಟ್ಟರು.

ಎರಡನೆಯದು ವಿನೈಲ್ ಎಂಬ ಪ್ಲಾಸ್ಟಿಕ್‌ನ ಎಲ್‌ಪಿ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು ತಿರುಗುವ ಇದರ ಒಂದು ಮುಖದಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಅಡಗುತ್ತದೆ. ಸುಲಭವಾಗಿ ಒಡೆಯದು. ಆದರೆ ಬಿಸಿಲಿಗೆ ಬಾಗುತ್ತದೆ, ಬೇಗ ಗೀರು ಬೀಳುತ್ತದೆ.

ಮೂರನೆಯದು ಅತ್ಯಂತ ನಾಜೂಕಾದದ್ದು. ಅಲ್ಯೂಮಿನಿಯಂ ಹಲಗೆಗೆ ಮೆದುವಾದ ಮೆರುಗೆಣ್ಣೆ ಬಳಿದು, ನೇರವಾಗಿ ಗೆರೆ ಕೊರೆದ ತಟ್ಟೆ ಇದು. ಬಳಕೆಯ ಮಾತಿನಲ್ಲಿ ಅಸಿಟೇಟ್. ಕಛೇರಿ ಮುಗಿದ ಮರುಕ್ಷಣವೇ ಕೇಳಬಹುದೆಂಬುದು ಇದರ ಅನುಕೂಲ. ಆದರೆ ಕೆಲವೇ ಬಾರಿಯ ವಾದನಕ್ಕೆ ಸವೆಯುತ್ತದೆ. ಲೇಪ ಮೆದುವಾಗಿರಲೆಂದು ಬೆರೆಸಿದ ಹರಳೆಣ್ಣೆಯ ಅಂಶ ವರ್ಷಗಳು ಕಳೆದಂತೆ ಬಿಳಿಯ ಪುಡಿಯಾಗಿ ಮೇಲೆ ಬರುತ್ತದೆ. ಕೊನೆಗೆ ಲೇಪವೇ ಕುಗ್ಗಿ ಬಿರಿದು ಸಿಪ್ಪೆಯಂತೆ ಏಳುತ್ತದೆ. ಸ್ಟ್ರಾಸ್ ಗೀತೆಗಳ ಮುದ್ರಣ ಇಂತಹ ತಟ್ಟೆಗಳ ಮೇಲಿನದು. ಕಂಪನಿ ಒತ್ತಿದ ತಟ್ಟೆಗೆ ನೂರಾರು ಪ್ರತಿಗಳಿರುತ್ತವೆ. ಅಸಿಟೇಟ್‌ಗೆ ಬಹುಪಾಲು ಅದೊಂದೇ ಪ್ರತಿ.

ವೇಗ ತಪ್ಪಿದರೆ ಶ್ರುತಿಯೂ ತಪ್ಪು

‘78’ ಎಂಬ ಅಂಕಿಯನ್ನು ನಂಬಿದವರು ಮೋಸಹೋಗುವುದುಂಟು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವೇಗಕ್ಕೆ ಕಟ್ಟುನಿಟ್ಟಾದ ಅಳತೆ ಇರಲಿಲ್ಲ. ನಿಮಿಷಕ್ಕೆ 74 ಸುತ್ತಿನಲ್ಲಿ ಮುದ್ರಿತವಾದ ತಟ್ಟೆಯನ್ನು 78ರಲ್ಲಿ ನುಡಿಸಿದರೆ ದನಿ ಶೇಕಡಾ 5ಕ್ಕಿಂತ ಹೆಚ್ಚು ಏರುತ್ತದೆ. ಹಾರ್ಮೋನಿಯಂನ ಒಂದು ಕೀಲಿಗೂ ಅದರ ಪಕ್ಕದ ಕೀಲಿಗೂ ಇರುವ ಅಂತರಕ್ಕೆ ಇದು ಬಹುತೇಕ ಸಮ. ಹಾಡಿನ ಓಟವೂ ಅಷ್ಟೇ ಹೆಚ್ಚುತ್ತದೆ. ಗಾಯಕನ ಕಂಠದ ಗುಣವೇ ಬೇರೆಯಾಗಿ ಕೇಳಿಸುತ್ತದೆ.

ಪಾಶ್ಚಾತ್ಯ ಸಂಗೀತದಲ್ಲಿ ಕೃತಿಯ ಸ್ವರಸ್ಥಾನ ಬರಹದಲ್ಲಿಯೇ ನಿಗದಿಯಾಗಿರುವುದರಿಂದ ಅದಕ್ಕೆ ಹೊಂದಿಸಿ ವೇಗವನ್ನು ತಿದ್ದಿಕೊಳ್ಳಬಹುದು. ನಮ್ಮ ಸಂಗೀತದಲ್ಲಿ ಷಡ್ಜವನ್ನು ಗಾಯಕರು ತಮ್ಮ ಕಂಠಕ್ಕೆ ಒಪ್ಪುವಂತೆ ಇಟ್ಟುಕೊಳ್ಳುತ್ತಾರೆ. ಹಾಗಾಗಿ ತಟ್ಟೆಯ ನಿಜವಾದ ವೇಗ ಯಾವುದೆಂದು ಹೇಳುವುದು ಕಷ್ಟ. ಅದೇ ಗಾಯಕರ ಇತರ ಮುದ್ರಿಕೆಗಳು, ಹಿನ್ನೆಲೆಯ ಹಾರ್ಮೋನಿಯಂ, ತಟ್ಟೆಯ ಮೇಲೆ ಒತ್ತಿದ ಸಂಖ್ಯೆಯಿಂದ ತಿಳಿಯುವ ಮುದ್ರಣದ ಕಾಲ ಇವುಗಳನ್ನು ಹೋಲಿಸಿ ಊಹಿಸಬೇಕಾಗುತ್ತದೆ.

ಇದು ಕೇವಲ ಪಂಡಿತರ ತಕರಾರಲ್ಲ ಎಂಬುದಕ್ಕೆ ಗಂಗೂಬಾಯಿ ಹಾನಗಲ್ (1913–2009) ಅವರ ಉದಾಹರಣೆ ಸಾಕು. ನಾಡು ಬಲ್ಲದ್ದು ಅವರ ಗಂಭೀರವಾದ, ಗಂಡುದನಿಯನ್ನು ಹೋಲುವ ಕಂಠವನ್ನು. ಆದರೆ 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಎಚ್‌ಎಂವಿ ಹೊರತಂದ ತಟ್ಟೆಗಳಲ್ಲಿ ಕೇಳಿಬರುವುದು ತೆಳುವಾದ, ಎತ್ತರದ ಕಂಠ. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಬದಲಾಯಿತು. ಆ ಮೊದಲ ಕಂಠವನ್ನು ಇಂದು ಕೇಳಲು ಉಳಿದಿರುವ ದಾರಿ ಈ ತಟ್ಟೆಗಳು. ನಂತರದ ದನಿಯನ್ನು ಮಾತ್ರ ಬಲ್ಲವರು ಇವುಗಳ ವೇಗವೇ ತಪ್ಪಿದೆ ಎಂದು ಭಾವಿಸಿ ತಗ್ಗಿಸಿದರೆ, ಎಂದೂ ಇರದಿದ್ದ ದನಿಯೊಂದನ್ನು ಸೃಷ್ಟಿಸಿದಂತಾಗುತ್ತದೆ.

ಮುಳ್ಳಿನ ಮೊನೆ, ತೂಕ

ಯಂತ್ರದಲ್ಲಿ ತಟ್ಟೆಯನ್ನು ಮುಟ್ಟುವುದು ಮುಳ್ಳೊಂದೇ. ಅರಗಿನ ತಟ್ಟೆಯ ಗೆರೆ ಅಗಲವಾದುದು. ಅದಕ್ಕೆ ಸುಮಾರು 75 ಮೈಕ್ರಾನ್ ದುಂಡಗಿನ ಮೊನೆಯ ಮುಳ್ಳು ಬೇಕು. (ಒಂದು ಮಿಲಿಮೀಟರಿಗೆ 1,000 ಮೈಕ್ರಾನ್.) ಎಲ್‌ಪಿಗೆ 18ರಿಂದ 25 ಮೈಕ್ರಾನ್‌ನದು ಸಾಕು. ಎಲ್‌ಪಿ ಮುಳ್ಳನ್ನು ಅರಗಿನ ತಟ್ಟೆಗೆ ಇಟ್ಟರೆ ಅದು ಗೆರೆಯ ತಳದ ದೂಳಿನಲ್ಲಿ ಓಡುತ್ತ ಕರಕರ ಸದ್ದನ್ನೇ ಹೆಚ್ಚಿಸುತ್ತದೆ. 78ರ ಮುಳ್ಳನ್ನು ಎಲ್‌ಪಿಗೆ ಇಟ್ಟರೆ ಗೆರೆಯ ಅಂಚುಗಳು ಹಾಳಾಗುತ್ತವೆ.

ಕೈಯಿಂದ ಕೀಲಿ ಕೊಡುವ, ಕಹಳೆಯ ಗ್ರಾಮಫೋನ್ ಇಂದು ಅನೇಕ ಮನೆಗಳಲ್ಲಿ ಶೋಭೆಯ ವಸ್ತು. ಅದರ ಉಕ್ಕಿನ ಮುಳ್ಳು ತಟ್ಟೆಯ ಮೇಲೆ 100 ಗ್ರಾಂಗೂ ಹೆಚ್ಚು ಭಾರ ಹೇರುತ್ತದೆ. ಅರಗಿನಲ್ಲಿರುವ ಕಲ್ಲಿನ ಪುಡಿ ಆ ಮುಳ್ಳನ್ನೇ ಸವೆಸಿ ಗೆರೆಗೆ ಹೊಂದಿಸಿಕೊಳ್ಳುತ್ತಿತ್ತು. ಆದ್ದರಿಂದಲೇ ಒಂದು ಮುಖಕ್ಕೆ ಒಂದು ಮುಳ್ಳು ಎಂಬುದು ಅಂದಿನ ನಿಯಮ. ಹೊಸ ಮುಳ್ಳಿಲ್ಲವೆಂದು ಹಳೆಯದನ್ನೇ ಮತ್ತೆ ಮತ್ತೆ ಬಳಸಿದ ತಟ್ಟೆಗಳ ಗೆರೆ ಬೂದುಬಣ್ಣಕ್ಕೆ ತಿರುಗಿರುವುದನ್ನು ಕಾಣಬಹುದು. ಇದೇ ಯಂತ್ರದಲ್ಲಿ ಎಲ್‌ಪಿ ಅಥವಾ ಅಸಿಟೇಟ್ ಹಾಕಿದರೆ ಒಂದೇ ಬಾರಿಗೆ ಅದು ಹಾಳು. ಇಂದಿನ ಒಳ್ಳೆಯ ವಿದ್ಯುತ್ ಟರ್ನ್‌ಟೇಬಲ್‌ಗಳಲ್ಲಿ ಎಲ್‌ಪಿಗೆ ಬೀಳುವ ಭಾರ 2 ಗ್ರಾಂ ಆಸುಪಾಸು. 78ರ ತಟ್ಟೆಗೆ 3ರಿಂದ 5 ಗ್ರಾಂ.

ಮುಳ್ಳಿನಿಂದ ಹೊರಡುವ ವಿದ್ಯುತ್ ಸಂಕೇತ ಕೆಲವೇ ಮಿಲಿವೋಲ್ಟ್‌ಗಳಷ್ಟು. ಅದನ್ನು ಹಿಗ್ಗಿಸಲು ‘ಫೋನೊ’ ಆಂಪ್ಲಿಫೈಯರ್ ಬೇಕು. ಮುದ್ರಿಸುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ, ಎತ್ತರದವನ್ನು ಹೆಚ್ಚಿಸಿ, ನುಡಿಸುವಾಗ ಮರಳಿ ಸಮ ಮಾಡುವುದು ವಿದ್ಯುತ್ ಮುದ್ರಣದ ಪದ್ಧತಿ. ಇದಕ್ಕೊಂದು ಏಕರೂಪದ ಮಾನದಂಡ ಬಂದದ್ದು 1954ರಲ್ಲಿ. ಅದಕ್ಕೂ ಹಿಂದೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಎಲ್‌ಪಿಗಾಗಿಯೇ ರೂಪಿಸಿದ ಆಂಪ್ಲಿಫೈಯರ್‌ನಲ್ಲಿ ಹಳೆಯ ತಟ್ಟೆಯ ದನಿ ಮಂಕಾಗಿ ಕೇಳುವುದಕ್ಕೆ ಇದೇ ಕಾರಣ.

ಮನೆಯಲ್ಲಿ ಹಳೆಯ ತಟ್ಟೆ ಸಿಕ್ಕರೆ

ಭಾರತದಲ್ಲಿ 1960ರ ದಶಕದಲ್ಲಿಯೂ 78ರ ತಟ್ಟೆಗಳು ತಯಾರಾಗುತ್ತಿದ್ದವು. ಆದ್ದರಿಂದ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಗಳಲ್ಲಿ ಅವು ಸಿಗುವುದು ಅಪರೂಪವೇನಲ್ಲ. ಸಿಕ್ಕೊಡನೆ ಯಂತ್ರಕ್ಕೆ ಹಾಕುವ ಆತುರ ಸಲ್ಲದು. ಮೊದಲು ಲೇಬಲ್‌ನ ಮೇಲಿನ ಹೆಸರು ಮತ್ತು ಸಂಖ್ಯೆ, ಲೇಬಲ್‌ನ ಸುತ್ತ ತಟ್ಟೆಯ ಮೇಲೆಯೇ ಒತ್ತಿದ ಅಂಕಿಗಳನ್ನು ಬರೆದುಕೊಂಡು ಛಾಯಾಚಿತ್ರ ತೆಗೆಯಬೇಕು. ಬಿರುಕಿದ್ದರೆ ನುಡಿಸಬಾರದು.

ಶುಚಿಗೊಳಿಸುವಾಗಲೇ ಹೆಚ್ಚಿನ ಅನಾಹುತ ಸಂಭವಿಸುತ್ತದೆ. ಸ್ಪಿರಿಟ್ ಅಥವಾ ಆಲ್ಕೋಹಾಲ್ ಬೆರೆತ ಯಾವ ದ್ರಾವಣವೂ ಅರಗನ್ನು ಕರಗಿಸುತ್ತದೆ. ಬಟ್ಟಿ ಇಳಿಸಿದ ನೀರಿಗೆ ಸೌಮ್ಯವಾದ ಮಾರ್ಜಕ ಒಂದೆರಡು ಹನಿ ಬೆರೆಸಿ, ಮೆದು ಬಟ್ಟೆಯಿಂದ ಗೆರೆಯ ಗುಂಟ ಒರೆಸಿ, ತಡಮಾಡದೆ ಒಣಗಿಸಬೇಕು. ಲೇಬಲ್‌ಗೆ ನೀರು ತಾಗಬಾರದು. ಅಲ್ಯೂಮಿನಿಯಂ ತಟ್ಟೆಯೆಂದು ಕಂಡುಬಂದರೆ ಒರೆಸುವ ಗೋಜಿಗೂ ಹೋಗದೆ ಬಲ್ಲವರ ಕೈಗೆ ಕೊಡುವುದು ಲೇಸು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಬೇಕು. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದ ಬೂಷ್ಟಿನಿಂದ ಕಾಪಾಡುವುದು ಇನ್ನೂ ಮುಖ್ಯ.

ತಕ್ಕ ಮುಳ್ಳು, ತಕ್ಕ ವೇಗದಲ್ಲಿ ಒಮ್ಮೆ ನುಡಿಸಿ, ಆ ಒಮ್ಮೆಯಲ್ಲಿಯೇ ಗಣಕಕ್ಕೆ ಇಳಿಸಿಕೊಳ್ಳುವುದು ಇಕ್ಕಟ್ಟಿಗೆ ಇರುವ ಪರಿಹಾರ. ಸಂಗ್ರಹಾಲಯಗಳು 24 ಬಿಟ್, 96 ಕಿಲೋಹರ್ಟ್ಸ್ ಗುಣಮಟ್ಟವನ್ನು ಮೆಚ್ಚುತ್ತವೆ. ಸದ್ದನ್ನು ಅಳಿಸಿದ ಪ್ರತಿಯ ಜೊತೆಗೆ ಏನನ್ನೂ ತಿದ್ದದ ಮೂಲ ಪ್ರತಿಯನ್ನೂ ಉಳಿಸಿಕೊಂಡರೆ, ಮುಂದೆ ಉತ್ತಮ ತಂತ್ರ ಬಂದಾಗ ಮತ್ತೆ ಯತ್ನಿಸಬಹುದು. ಬೆಂಗಳೂರಿನಲ್ಲಿ ಇತಿಹಾಸಕಾರ ವಿಕ್ರಮ್ ಸಂಪತ್ ಸ್ಥಾಪಿಸಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಹಳೆಯ ತಟ್ಟೆಗಳನ್ನು ಹೀಗೆ ಗಣಕಕ್ಕೆ ಇಳಿಸುವ ಕಾರ್ಯ ಕೈಗೊಂಡಿತು. ಭಾರತದ ಕಾನೂನಿನಂತೆ ಧ್ವನಿಮುದ್ರಿಕೆಯ ಹಕ್ಕುಸ್ವಾಮ್ಯ ಪ್ರಕಟವಾದ ಮರುವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಸಾಹಿತ್ಯ ಹಾಗೂ ಸಂಗೀತ ರಚನೆಯ ಹಕ್ಕು ಬೇರೆಯೇ ಇದ್ದು, ಅದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

ಸಂಗ್ರಾಹಕರಲ್ಲಿ ಎಲ್ಲರೂ ಮಹಾರಾಜರಾಗಲಾರರು. ಹೊಸ ಮುದ್ರಣಗಳಿಗೆ ಹಣ ತೊಡಗಿಸುವ ಶಕ್ತಿ ಕೆಲವರಿಗಷ್ಟೇ ಇರುತ್ತದೆ. ಆದರೆ ಮನೆಯಲ್ಲಿರುವ ಹತ್ತು ತಟ್ಟೆಗಳನ್ನು ಸವೆಯಗೊಡದೆ, ಸರಿಯಾದ ದನಿಯಲ್ಲಿ ಮುಂದಿನವರಿಗೆ ದಾಟಿಸಲು ಅರಮನೆ ಬೇಕಿಲ್ಲ. ಆ ಹತ್ತರಲ್ಲಿ ಒಂದು, ಜಗತ್ತಿನಲ್ಲಿ ಉಳಿದಿರುವ ಕೊನೆಯ ಪ್ರತಿಯೇ ಆಗಿರಲೂಬಹುದು.