ಜಾಲತಾಣದ ಬಾಗಿಲು ಸರ್ವರಿಗೂ ತೆರೆದಿರಲಿ

ಕಾರ್ಕಳದ ಗೊಮ್ಮಟನ ಸನ್ನಿಧಿಗೆ ಬಂಡೆಯ ಮೆಟ್ಟಿಲುಗಳುಂಟು. ಅವು ಎಲ್ಲರ ಕಾಲಿಗೂ ಒದಗುವುದಿಲ್ಲ. ಜಾಲತಾಣಗಳಲ್ಲಿಯೂ ಇಂತಹ ಮೆಟ್ಟಿಲುಗಳಿವೆ. ಏರಬಲ್ಲವರಿಗೆ ಅವು ಗೋಚರಿಸುವುದೇ ಇಲ್ಲ.

ಉಡುಪಿಯ ಅಂಧ ವಿದ್ಯಾರ್ಥಿಯೊಬ್ಬನು ವಿದ್ಯಾರ್ಥಿವೇತನದ ಪ್ರಕಟಣೆಯನ್ನು ಹುಡುಕುತ್ತಿರುವನೆಂದು ಭಾವಿಸೋಣ. ಅವನು ಕಿವಿಯಿಂದ ಓದುತ್ತಾನೆ. ಪರದೆಯ ಅಕ್ಷರಗಳನ್ನು ಧ್ವನಿಯಾಗಿಸುವ ‘ಎನ್‌ವಿಡಿಎ’ ಎಂಬ ಉಚಿತ ತಂತ್ರಾಂಶವು ಕನ್ನಡವನ್ನೂ ನುಡಿಯಬಲ್ಲುದು. ಆದರೆ ಪ್ರಕಟಣೆಯನ್ನು ಛಾಯಾಚಿತ್ರವಾಗಿ ಅಂಟಿಸಿದ್ದರೆ ಅಲ್ಲಿ ಓದಲು ಅಕ್ಷರವೇ ಇಲ್ಲ. ಯೂನಿಕೋಡ್ ಪೂರ್ವದ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾಗಿದ್ದರೆ ಕಣ್ಣಿಗೆ ಕನ್ನಡ, ಕಿವಿಗೆ ಅರ್ಥವಿಲ್ಲದ ಸದ್ದು. ಏಕೆಂದರೆ ಅದರೊಳಗೆ ಅಡಗಿರುವುದು ರೋಮನ್ ಅಕ್ಷರಗಳ ಸಂಕೇತ. ಅರ್ಜಿಯ ಕೊನೆಯ ದಿನ ಹೀಗೆಯೇ ಕಳೆದುಹೋಗುತ್ತದೆ.

ಪರಿಹಾರವು ಕಠಿಣವಲ್ಲ. ಬರಹವು ಯೂನಿಕೋಡ್‌ನಲ್ಲಿರಬೇಕು. ಕಾಪುವಿನ ದೀಪಸ್ತಂಭದ ಚಿತ್ರವಿದ್ದರೆ, ‘ಕಡಲಂಚಿನ ಬಂಡೆಯ ಮೇಲೆ 1901ರ ದೀಪಸ್ತಂಭ’ ಎಂಬ ವಿವರಣೆ ಅದರೊಡನಿರಬೇಕು. ಮಣಿಪಾಲದ ಉಪನ್ಯಾಸವೊಂದನ್ನು ದೃಶ್ಯಮುದ್ರಿಕೆಯಾಗಿ ನೀಡುವಾಗ, ಕಿವಿ ಕೇಳದವರಿಗಾಗಿ ಮಾತುಗಳು ಅಕ್ಷರರೂಪದಲ್ಲಿಯೂ ಮೂಡಬೇಕು. ಕೈನಡುಕವುಳ್ಳವರು ಮೌಸ್ ಇಲ್ಲದೆ, ಕೀಲಿಮಣೆಯೊಂದರಿಂದಲೇ ಅರ್ಜಿ ತುಂಬುವಂತಿರಬೇಕು. ಮಂದದೃಷ್ಟಿಯವರಿಗಾಗಿ ಅಕ್ಷರವೂ ಹಿನ್ನೆಲೆಯೂ ಸ್ಪಷ್ಟವಾಗಿ ಬೇರ್ಪಟ್ಟಿರಬೇಕು.

ಈ ಬಗೆಯ ಅಂತರರಾಷ್ಟ್ರೀಯ ಮಾರ್ಗಸೂಚಿಗಳು 1999ರಲ್ಲಿಯೇ ಹೊರಬಂದವು. ನಮ್ಮ ದೇಶದಲ್ಲಿ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಇದನ್ನು ಕರ್ತವ್ಯವೆಂದು ವಿಧಿಸಿತು. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು, ಡಿಜಿಟಲ್ ಸೇವೆಗಳ ಲಭ್ಯತೆಯು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಸಾರಿತು.

ಜಾಲತಾಣವನ್ನು ರಚಿಸುವವರು ಒಮ್ಮೆ ಕಣ್ಮುಚ್ಚಿ, ಮೌಸನ್ನು ಬದಿಗಿಟ್ಟು, ತಮ್ಮ ಪುಟವನ್ನು ತಾವೇ ಕೇಳಿ ನೋಡಲಿ. ಎಲ್ಲಿ ತಾವು ತಡವರಿಸುವರೋ ಅಲ್ಲಿಯೇ ಇನ್ನೊಬ್ಬರ ಬಾಗಿಲು ಮುಚ್ಚಿದೆಯೆಂದು ತಿಳಿಯಬೇಕು.